ಇಚ್ಛಾಸ್ವಾತಂತ್ರ್ಯ

ಒಬ್ಬ ಮನುಷ್ಯ ಒಂದು ಕೆಲಸ ಮಾಡಿದ. ಅದನ್ನು ಮಾಡದೆ ಬಿಡುವುದೂ ಅವನಿಗೆ ಸಾಧ್ಯವಿತ್ತೇ? ಅಥವಾ ಹುಟ್ಟಿದ ಮನೆ, ಬೆಳೆದ ಪರಿಸರ, ಮೈಯ ರಚನೆ, ಕಾಲ, ದೈವ ಎಲ್ಲ ಸೇರಿ ಅದನ್ನು ಮೊದಲೇ ಗೊತ್ತುಮಾಡಿಬಿಟ್ಟಿದ್ದವೇ? ಇಚ್ಛಾಸ್ವಾತಂತ್ರ್ಯದ ಚರ್ಚೆ ಹುಟ್ಟುವುದು ಈ ಪ್ರಶ್ನೆಯಿಂದ. ಎಲ್ಲವೂ ಹಿಂದಿನ ಕಾರಣಗಳಿಂದ ನಿಶ್ಚಿತವಾಗಿದೆ ಎನ್ನುವುದು ನಿಯತಿವಾದ. ಕಾರಣಗಳ ಸರಪಳಿ ಮನುಷ್ಯನ ಸಂಕಲ್ಪದ ಬಳಿ ಸಡಿಲವಾಗುತ್ತದೆ ಎನ್ನುವುದು ಸ್ವಾತಂತ್ರ್ಯವಾದ. ಕಾರಣಗಳಿದ್ದೂ ಆಯ್ಕೆ ನಮ್ಮದೇ ಆಗಿರಬಲ್ಲದು ಎನ್ನುವವರು ಸಮನ್ವಯವಾದಿಗಳು. ಮೇಲ್ನೋಟಕ್ಕೆ ಇದು ಪಂಡಿತರ ಜಗಳ. ಆದರೆ ಶಿಕ್ಷೆ, ಹೊಗಳಿಕೆ, ಕ್ಷಮೆ, ಪಶ್ಚಾತ್ತಾಪ ಎಲ್ಲವೂ ಇದಕ್ಕೆ ನಾವು ಕೊಟ್ಟುಕೊಳ್ಳುವ ಉತ್ತರದ ಮೇಲೆ ನಿಂತಿರುವುದರಿಂದ ಯಾರೂ ಇದರಿಂದ ಹೊರಗಿಲ್ಲ.

ವಡೋದರದ ಪ್ರಸಂಗಗಳು

ಗುಜರಾತಿನ ವಡೋದರ ನಗರದ ಫತೇಗಂಜ್ ವಿದ್ಯಾರ್ಥಿಗಳ ಓಡಾಟದ ಬಡಾವಣೆ. ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಅದರ ಮಗ್ಗುಲಲ್ಲೇ ಹಬ್ಬಿದೆ. ಅಲ್ಲಿಂದ ದಕ್ಷಿಣಕ್ಕೆ ಹೊರಟರೆ ಸಯಾಜಿ ಬಾಗ್ ಉದ್ಯಾನ ಸಿಗುತ್ತದೆ; ಅದರ ಹಳೆಯ ಹೆಸರು ಕಮಾಟಿ ಬಾಗ್. ಇಚ್ಛಾಸ್ವಾತಂತ್ರ್ಯದ ಬಗ್ಗೆ ಬರೆಯುವವರು ಅಥೆನ್ಸ್‌ನಿಂದಲೋ ಪ್ಯಾರಿಸ್‌ನಿಂದಲೋ ಆರಂಭಿಸುವುದು ರೂಢಿ. ಈ ಉದ್ಯಾನದಿಂದಲೂ ಆರಂಭಿಸಬಹುದು.

1913ರಲ್ಲಿ ಬರೋಡಾ (ಈಗಿನ ವಡೋದರ) ಸಂಸ್ಥಾನ ಭೀಮರಾವ್ ಅಂಬೇಡ್ಕರ್ ಅವರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿತು. ಓದು ಮುಗಿಸಿ ಬಂದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. ಅದರಂತೆ 1917ರಲ್ಲಿ ಅವರು ಬರೋಡಾಕ್ಕೆ ಬಂದರು, ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಅಸ್ಪೃಶ್ಯರೆಂದು ಎಣಿಸಿದ ಜಾತಿಯಲ್ಲಿ ಹುಟ್ಟಿದವರಾದ್ದರಿಂದ ಉಳಿಯಲು ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಇದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಕೋಲು ಹಿಡಿದ ಹತ್ತಾರು ಪಾರ್ಸಿಗಳು ಬಂದು ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಗದರಿಸಿದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರ ಮನೆಯ ಬಾಗಿಲೂ ತೆರೆಯಲಿಲ್ಲ. ಮುಂಬಯಿಯ ರೈಲು ಹೊರಡುವ ಹೊತ್ತಿನವರೆಗೆ ಅವರು ಕಮಾಟಿ ಬಾಗ್‌ನಲ್ಲಿ ಕುಳಿತಿದ್ದರು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಆತ್ಮಕಥನದ ಬರಹದಲ್ಲಿ ಇದನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ. ಉದ್ಯಾನದಲ್ಲಿ ಅವರು ಕುಳಿತಿದ್ದ ಜಾಗ ಈಗ ಸಂಕಲ್ಪ ಭೂಮಿ. ಪ್ರತಿ ವರ್ಷ ಸೆಪ್ಟೆಂಬರ್ 23ರಂದು ಅಲ್ಲಿ ಜನ ಸೇರುತ್ತಾರೆ.

ಬರೋಡಾ ಬಿಟ್ಟದ್ದು ಅವರ ಆಯ್ಕೆಯೇ? ಅಂದು ರಾತ್ರಿ ರೈಲು ಹತ್ತಿದ್ದು ಅವರ ಕಾಲುಗಳೇ. ಕಚೇರಿಯ ಕಡತವೂ ನೌಕರ ತಾನಾಗಿಯೇ ಹೋದನೆಂದು ಬರೆದುಕೊಳ್ಳಬಹುದಿತ್ತು. ಹಾಗೆ ಬರೆದರೆ ಅದು ಶುದ್ಧ ಸುಳ್ಳು ಎಂಬುದು ಎಂಥವರಿಗೂ ಗೊತ್ತಾಗುತ್ತದೆ. ಆದರೆ ಅದೇ ಉದ್ಯಾನದಲ್ಲಿ ಮಾಡಿದರೆಂದು ಜನ ನಂಬುವ, ಅಸ್ಪೃಶ್ಯತೆಯನ್ನು ಅಳಿಸುವ ಸಂಕಲ್ಪ? ಅದಕ್ಕೂ ಕಾರಣಗಳಿದ್ದವು: ಓದಲೇಬೇಕೆಂದು ಹಟ ಹಿಡಿದಿದ್ದ ತಂದೆ, ಸಂಸ್ಥಾನದ ಹಣ, ಕೊಲಂಬಿಯಾದಲ್ಲಿ ತತ್ತ್ವಜ್ಞ ಜಾನ್ ಡ್ಯೂಯಿಯ ಪಾಠ, ಕೊನೆಗೆ ಆ ಕೋಲುಗಳೂ. ಇಷ್ಟು ಕಾರಣಗಳಿದ್ದೂ ಆ ಸಂಕಲ್ಪ ಅವರದಲ್ಲ ಎನ್ನಲು ಬಾಯಿ ಬರುವುದಿಲ್ಲ. ಕಾರಣ ಇದೆಯೋ ಇಲ್ಲವೋ ಎಂದು ಕೇಳುವುದರಿಂದ ಹೆಚ್ಚು ಫಲವಿಲ್ಲ, ಎಂಥ ಕಾರಣ ಎಂದು ಕೇಳಬೇಕು ಎಂಬ ಸಮನ್ವಯವಾದಿಗಳ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಪಾಶ್ಚಾತ್ಯ ಗ್ರಂಥಗಳಲ್ಲೂ ಸಿಗುವುದು ಕಷ್ಟ. ಕೆಲವು ಕಾರಣಗಳು ಮನುಷ್ಯನ ವಿವೇಚನೆಯ ಮೂಲಕ ಹಾದುಬರುತ್ತವೆ. ಕೆಲವು ಅದನ್ನು ತುಳಿದುಕೊಂಡು ಬರುತ್ತವೆ.

ವಿದ್ಯಾರ್ಥಿವೇತನ ಕೊಟ್ಟ ಮೂರನೆಯ ಸಯಾಜಿರಾವ್ ಗಾಯಕವಾಡರ ಕತೆಯೂ ಇಲ್ಲಿಗೆ ಸಲ್ಲುತ್ತದೆ. ಕವ್ಲಾಣಾ ಹಳ್ಳಿಯ ಗೋಪಾಲರಾವ್ ಎಂಬ ಹುಡುಗನನ್ನು 1875ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ರಾಣಿ ಜಮನಾಬಾಯಿ ದತ್ತು ತೆಗೆದುಕೊಂಡರು. ರಾಜನಾಗುವುದನ್ನು ಅವನು ಆರಿಸಿಕೊಂಡದ್ದಲ್ಲ. ಮುಂದೆ ಆ ರಾಜ 1893ರಲ್ಲಿ ಅಮರೇಲಿ ಸೀಮೆಯಲ್ಲಿ ಪ್ರಯೋಗವಾಗಿ, 1906ರಲ್ಲಿ ಇಡೀ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಮಕ್ಕಳನ್ನು ಶಾಲೆಗೆ ಕಳಿಸದ ತಂದೆತಾಯಿಗೆ ದಂಡ. ಬಲವಂತದಿಂದಲೇ ಸ್ವಾತಂತ್ರ್ಯ ಬೆಳೆಯಬಹುದು ಎಂಬ ವಿಚಿತ್ರವನ್ನು ತತ್ತ್ವಜ್ಞರು ತರ್ಕದಲ್ಲಿ ಬಿಡಿಸುತ್ತ ಕೂರುವಾಗ ಸಂಸ್ಥಾನದ ಶಾಲಾ ಇಲಾಖೆ ಅದನ್ನು ನಡೆಸಿ ತೋರಿಸಿತು.

ಹುಟ್ಟು ಹೊರಗಿನ ಬಾಗಿಲನ್ನು ಮುಚ್ಚುವುದಷ್ಟೇ ಅಲ್ಲ, ಒಳಗಿನ ಸಾಮರ್ಥ್ಯವನ್ನೂ ಹಿಡಿದಿಡುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರಜ್ಞರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರಪ್ರದೇಶದ ಹಳ್ಳಿಗಳಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾಗಿದೆ. ದಾರಿ ಹುಡುಕುವ ಒಗಟುಗಳನ್ನು ಬಿಡಿಸುವಾಗ ಜಾತಿಯ ಮಾತೆತ್ತದಿದ್ದರೆ ಮೇಲ್ಜಾತಿ, ಕೆಳಜಾತಿಯ ಹುಡುಗರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎಲ್ಲರೆದುರು ಜಾತಿ ಕೂಗಿ ಹೇಳಿದಾಗ ಕೆಳಜಾತಿಯ ಹುಡುಗರ ಸಾಧನೆ ಕುಸಿಯಿತು. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕುರಿತ 2013ರ ಅಧ್ಯಯನ ಬಡತನದ ವಿಷಯದಲ್ಲೂ ಇಂಥದನ್ನೇ ಕಂಡಿತು. ಕಟಾವಿನ ಹಣ ಕೈಗೆ ಬರುವ ಮುಂಚೆ ಪರೀಕ್ಷೆಗಳಲ್ಲಿ ಹಿಂದೆ ಬಿದ್ದವರೇ ಹಣ ಬಂದ ಮೇಲೆ ಮೇಲೆದ್ದರು.

ನಿಯತಿ, ಕರ್ಮ, ಪುರುಷಾರ್ಥ

ಮಗು ಹುಟ್ಟಿದ ಆರನೆಯ ರಾತ್ರಿ ಗುಜರಾತಿನಲ್ಲಿ ತೊಟ್ಟಿಲ ಬಳಿ ಖಾಲಿ ಕಾಗದ, ಲೇಖನಿ ಇಡುತ್ತಾರೆ. ವಿಧಾತಾ ಬಂದು ಮಗುವಿನ ಭವಿಷ್ಯ ಬರೆಯುತ್ತಾಳೆ. ಅದೇ ‘ಛಠ್ಠಿನಾ ಲೇಖ್’. ಉತ್ತರ ಕರ್ನಾಟಕದಲ್ಲಿ ಬರೆಯುವವಳು ಸಟವಿ. ಹಣೆಬರಹ, ಪ್ರಾಪ್ತಿ, ಯೋಗ, ಋಣಾನುಬಂಧ ಎಂದು ನಾವು ದಿನಕ್ಕೆ ಹತ್ತು ಸಲ ಆಡುವ ಮಾತುಗಳ ಹಿಂದೆ ಈ ನಂಬಿಕೆಯಿದೆ. ಹಾಗೆಂದು ಹಣೆಬರಹವನ್ನು ನಂಬುವ ಮನೆಯಲ್ಲಿ ಮಗನನ್ನು ಟ್ಯೂಷನ್‌ಗೆ ಹಾಕದೆ ಬಿಟ್ಟವರು ಕಡಿಮೆ. ಮಾತು ಹೆಚ್ಚಾಗಿ ಬರುವುದು ಆಗಿಹೋದದ್ದನ್ನು ನುಂಗಿಕೊಳ್ಳಲು. ಆಗಬೇಕಾದದ್ದಕ್ಕೆ ಎಲ್ಲರೂ ಪ್ರಯತ್ನವಾದಿಗಳೇ.

ಈ ನಂಬಿಕೆಯನ್ನು ಸಿದ್ಧಾಂತದ ಮಟ್ಟಕ್ಕೆ ಒಯ್ದವನು ಬುದ್ಧ, ಮಹಾವೀರರ ಸಮಕಾಲೀನನಾದ, ಆಜೀವಿಕ ಪಂಥದ ಮಕ್ಖಲಿ ಗೋಸಾಲ. ಎಸೆದ ನೂಲಿನ ಉಂಡೆ ನೂಲು ಮುಗಿಯುವವರೆಗೆ ಬಿಚ್ಚಿಕೊಳ್ಳುವಂತೆ ಪಂಡಿತನೂ ಮೂಢನೂ ತಮ್ಮ ಪಾಲಿನ ಸಂಸಾರವನ್ನು ಸುತ್ತಿ ಮುಗಿಸಲೇಬೇಕು, ಪ್ರಯತ್ನದಿಂದ ಆಗುವುದೇನೂ ಇಲ್ಲ ಎಂಬುದು ಬೌದ್ಧ ಗ್ರಂಥಗಳು ಅವನದೆಂದು ಹೇಳುವ ವಾದ. ವಿರೋಧಿಗಳ ಬರಹದಿಂದಲೇ ಅವನನ್ನು ತಿಳಿಯಬೇಕಾಗಿರುವುದರಿಂದ ಅವನಿಗೆ ಪೂರ್ಣ ನ್ಯಾಯ ಸಿಕ್ಕಿದೆ ಎನ್ನಲಾಗದು. ಉತ್ತರದಲ್ಲಿ ಅಶೋಕನಿಂದ ಬರಾಬರ್ ಬೆಟ್ಟದ ಗುಹೆಗಳನ್ನು ದಾನ ಪಡೆದ ಈ ಪಂಥ ದಕ್ಷಿಣ ಭಾರತದಲ್ಲಿ 14ನೆಯ ಶತಮಾನದವರೆಗೂ ಉಳಿದಿತ್ತೆಂದು 1951ರಲ್ಲಿ ಇತಿಹಾಸಕಾರ ಎ. ಎಲ್. ಬಾಷಮ್ ತೋರಿಸಿದರು.

ಜೈನರು ಗೋಸಾಲನನ್ನು ಕಟುವಾಗಿ ವಿರೋಧಿಸಿದರು. ಕಾಲ, ಸ್ವಭಾವ, ನಿಯತಿ, ಪೂರ್ವಕರ್ಮ, ಪುರುಷಾರ್ಥ (ಸ್ವಪ್ರಯತ್ನ) ಐದೂ ಸೇರಿದಾಗ ಕಾರ್ಯ ಆಗುತ್ತದೆ, ಒಂದನ್ನೇ ಹಿಡಿದರೆ ಮಿಥ್ಯೆ ಎಂಬುದು ಅವರ ಸಮಾಧಾನ. ಆದರೆ ಪ್ರಶ್ನೆ ಜೈನರೊಳಗೇ ಮತ್ತೆ ಎದ್ದಿತು, ಅದೂ 20ನೆಯ ಶತಮಾನದ ಗುಜರಾತಿನಲ್ಲಿ. ಉಮರಾಳಾದಲ್ಲಿ 1890ರಲ್ಲಿ ಹುಟ್ಟಿದ ಕಾನಜಿ ಸ್ವಾಮಿ ಶ್ವೇತಾಂಬರರ ಸ್ಥಾನಕವಾಸಿ ಪಂಥದ ಮುನಿಯಾಗಿದ್ದವರು. ಕುಂದಕುಂದಾಚಾರ್ಯರ ‘ಸಮಯಸಾರ’ ಓದಿ ಮನಸ್ಸು ತಿರುಗಿ, 1930ರ ದಶಕದ ನಡುವೆ ಸೋನಗಢದಲ್ಲಿ ದಿಗಂಬರ ಶ್ರಾವಕರಾದರು. ಅವರು ಒತ್ತಿ ಹೇಳಿದ ತತ್ತ್ವ ‘ಕ್ರಮಬದ್ಧ ಪರ್ಯಾಯ’: ಪ್ರತಿಯೊಂದು ದ್ರವ್ಯದ ಅವಸ್ಥೆಗಳೂ ನಿಶ್ಚಿತ ಕ್ರಮದಲ್ಲೇ ಬರುತ್ತವೆ. ಕೇವಲಜ್ಞಾನಿ ಮೂರು ಕಾಲಗಳನ್ನೂ ಕಾಣುತ್ತಾನೆಂದು ಒಪ್ಪಿದರೆ ನಾಳೆಯದೂ ಗೊತ್ತಾಗಿಯೇ ಇದೆ ಎಂದು ಒಪ್ಪಲೇಬೇಕಲ್ಲ? ಸಂಪ್ರದಾಯದ ಪಂಡಿತರು ಇದು ಗೋಸಾಲನೇ ಮರಳಿ ಬಂದಂತೆ ಎಂದು ಹರಿಹಾಯ್ದರು. ಕಾನಜಿಯವರ ಶಿಷ್ಯರ ಉತ್ತರ ಜಾಣತನದ್ದು: ‘ನಾನು ಮಾಡುತ್ತೇನೆ’ ಎಂಬ ಕರ್ತೃತ್ವಬುದ್ಧಿ ಕಳಚುವುದೇ ನಿಜವಾದ ಪುರುಷಾರ್ಥ. ತರ್ಕವಾಗಿ ಇದು ಪೂರ್ತಿ ಒಪ್ಪುವಂಥದಲ್ಲ. ಕಳಚುವುದೂ ಕ್ರಮಬದ್ಧವೇ ಆಗಿದ್ದರೆ ಉಪದೇಶ ಯಾರಿಗೆ? ಕುಂದಕುಂದರು ತಪಸ್ಸು ಮಾಡಿದರೆಂದು ಪರಂಪರೆ ಹೇಳುವ ಕುಂದಾದ್ರಿ ನಮ್ಮ ತೀರ್ಥಹಳ್ಳಿ ತಾಲೂಕಿನಲ್ಲಿದೆ. ಕನ್ನಡ ನಾಡಿನ ಬೆಟ್ಟವೊಂದಕ್ಕೆ ಅಂಟಿಕೊಂಡ ಹೆಸರು ಕಾಠಿಯಾವಾಡದ ಸೋನಗಢದಲ್ಲಿ ಇಂಥ ಬಿಸಿ ಚರ್ಚೆಗೆ ಕಾರಣವಾದದ್ದು ಕುತೂಹಲದ ಸಂಗತಿ.

ಗುಜರಾತಿನದೇ ಇನ್ನೊಂದು ಧಾರೆ ಸ್ವಾಮಿನಾರಾಯಣ ಸಂಪ್ರದಾಯ. ಅದರ ಸ್ಥಾಪಕರ 1819ರಿಂದ 1829ರವರೆಗಿನ ಪ್ರವಚನಗಳ ಸಂಗ್ರಹವಾದ ‘ವಚನಾಮೃತ’ವು ಮನುಷ್ಯನ ಬುದ್ಧಿಯನ್ನು ತಿದ್ದುವ ಅಥವಾ ಕೆಡಿಸುವ ಎಂಟು ಸಂಗತಿಗಳನ್ನು ಹೇಳುತ್ತದೆ, ದೇಶ, ಕಾಲ, ಕ್ರಿಯೆ, ಸಂಗ, ಮಂತ್ರ, ಶಾಸ್ತ್ರಗಳು ಅವುಗಳಲ್ಲಿ ಸೇರಿವೆ. ಇಂದಿನ ಸಮಾಜಶಾಸ್ತ್ರಜ್ಞ ಮಂತ್ರವನ್ನು ಬಿಟ್ಟು ಉಳಿದದ್ದನ್ನೆಲ್ಲ ಇಟ್ಟುಕೊಂಡಾನು.

ಬೌದ್ಧರದು ಇನ್ನೂ ಕಠಿಣ ನಿಲುವು. ಕರ್ಮ ಉಂಟು, ಅದರ ಫಲವೂ ಉಂಟು, ಮಾಡುವ ಆತ್ಮ ಮಾತ್ರ ಇಲ್ಲ. ಇದನ್ನು ವಿಸ್ತಾರವಾಗಿ ವಾದಿಸುವ ಶಾಂತರಕ್ಷಿತನ ‘ತತ್ತ್ವಸಂಗ್ರಹ’ 1926ರಲ್ಲಿ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಎಂಬಾರ್ ಕೃಷ್ಣಮಾಚಾರ್ಯರ ಸಂಪಾದಕತ್ವದಲ್ಲಿ ಬರೋಡಾದಿಂದಲೇ ಅಚ್ಚಾಯಿತು. ಅಂಬೇಡ್ಕರ್ ತಮ್ಮ ಕೊನೆಯ ದೊಡ್ಡ ಕೃತಿ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ (1957) ಹಿಂದಿನ ಜನ್ಮದ ಕರ್ಮದಿಂದ ಈ ಜನ್ಮದ ಬಡತನ ಬಂತೆಂಬ ವಾದವನ್ನು ತಳ್ಳಿಹಾಕಿದರು. ದೀನರ ಸ್ಥಿತಿಗೆ ರಾಜ್ಯವೂ ಸಮಾಜವೂ ಹೊಣೆಯಲ್ಲವೆಂದು ಜಾರಿಕೊಳ್ಳಲಷ್ಟೇ ಅದು ಅನುಕೂಲ ಎಂಬುದು ಅವರ ಆಕ್ಷೇಪ. ಈ ಲೇಖನದ ವಿಷಯದಲ್ಲಿ ಇದು ಮರೆಯಬಾರದ ಮಾತು. ನಿಯತಿವಾದವಾಗಲಿ ಸ್ವಾತಂತ್ರ್ಯವಾದವಾಗಲಿ ಯಾರ ಅನುಕೂಲಕ್ಕೂ ಒದಗುತ್ತದೆ. ‘ಅದು ಅವನ ಕರ್ಮ’ ಎಂದು ಬಡವನನ್ನು ಕೈಬಿಡಬಹುದು. ‘ಅದು ಅವನೇ ಮಾಡಿಕೊಂಡದ್ದು’ ಎಂದೂ ಕೈಬಿಡಬಹುದು.

ವೇದಾಂತದಲ್ಲಿ

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವನು ಕರ್ತನೇ ಎಂಬ ವಿಚಾರ ಬರುತ್ತದೆ. ಕರ್ತನಲ್ಲದಿದ್ದರೆ ಶಾಸ್ತ್ರದ ವಿಧಿ-ನಿಷೇಧಗಳು ವ್ಯರ್ಥ ಎಂಬುದು ಸೂತ್ರಕಾರರ ಮೊದಲ ಹೇಳಿಕೆ. ಮಾಡಬೇಕೆಂದರೆ ಮಾಡಬಲ್ಲವನಾಗಿರಬೇಕು ಎಂಬ ಕಾಂಟ್‌ನ ಮಾತಿನ ನೆಲೆಯೂ ಇದೇ. ಆದರೆ ಆ ಕರ್ತೃತ್ವ ಪರಮಾತ್ಮನಿಂದ ಬಂದದ್ದು ಎಂದು ಮುಂದಿನ ಸೂತ್ರಗಳು ಸೇರಿಸುತ್ತವೆ, ಭಾಷ್ಯಕಾರರು ಬೇರೆಬೇರೆಯಾಗುವುದು ಅಲ್ಲಿ. ಮೇಲುಕೋಟೆಯಲ್ಲಿ ಬಹುಕಾಲ ನೆಲೆಸಿದ್ದ ರಾಮಾನುಜರು ಶ್ರೀಭಾಷ್ಯದಲ್ಲಿ ಕೊಡುವ ದೃಷ್ಟಾಂತ ವಕೀಲರಿಗೂ ಮೆಚ್ಚುಗೆಯಾಗುವಂಥದು. ಇಬ್ಬರಿಗೆ ಸೇರಿದ ಆಸ್ತಿಯನ್ನು ಒಬ್ಬ ಪರಭಾರೆ ಮಾಡಬೇಕಾದರೆ ಇನ್ನೊಬ್ಬನ ಅನುಮತಿ ಬೇಕು. ಅನುಮತಿ ಸಿಕ್ಕ ಮೇಲೂ ಕೊಟ್ಟವನು ಇವನೇ, ಫಲವೂ ಇವನದೇ. ದೇವರು ಅನುಮತಿ ಕೊಡುವವನು, ಮೊದಲ ಪ್ರಯತ್ನ ಜೀವನದು.

ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಇದಕ್ಕಿಂತ ಬಿಗಿ. ಸ್ವತಂತ್ರನು ವಿಷ್ಣು ಒಬ್ಬನೇ, ಉಳಿದದ್ದೆಲ್ಲ ಪರತಂತ್ರ. ಜೀವನಿಗೆ ಕರ್ತೃತ್ವ ಉಂಟು, ಅದು ದತ್ತವಾದದ್ದು, ಅವನವನ ಸ್ವರೂಪಯೋಗ್ಯತೆಗೆ ತಕ್ಕಂತೆ ಕೆಲಸ ಮಾಡುವಂಥದು. ಮುಕ್ತಿಗೆ ಯೋಗ್ಯರು, ನಿತ್ಯಸಂಸಾರಿಗಳು, ತಮಸ್ಸಿಗೆ ಯೋಗ್ಯರು ಎಂಬ ಜೀವರ ವಿಂಗಡಣೆ ಇದರ ಮುಂದುವರಿಕೆ. ದೇವರಿಗೆ ಪಕ್ಷಪಾತದ ದೋಷ ತಟ್ಟದಂತೆ ಇದು ಕಾಪಾಡುತ್ತದೆ, ನಿಜ. ಮನುಷ್ಯನಿಗೆ ಕೊಡುವ ಬೆಲೆ ಮಾತ್ರ ದುಬಾರಿ.

ಗೀತೆಯ ಹದಿನೆಂಟನೆಯ ಅಧ್ಯಾಯ ಕರ್ಮಕ್ಕೆ ಐದು ಕಾರಣಗಳನ್ನು ಎಣಿಸಿ ಐದನೆಯದನ್ನು ದೈವ ಎನ್ನುತ್ತದೆ. ಅದೇ ಅಧ್ಯಾಯ, ಚೆನ್ನಾಗಿ ಯೋಚಿಸಿ ನಿನಗೆ ಇಷ್ಟ ಬಂದಂತೆ ಮಾಡು ಎಂದು ಅರ್ಜುನನಿಗೆ ಬಿಟ್ಟುಕೊಡುತ್ತದೆ. 1893ರಿಂದ 1906ರವರೆಗೆ ಬರೋಡಾ ಸಂಸ್ಥಾನದ ಸೇವೆಯಲ್ಲಿದ್ದ, ಬರೋಡಾ ಕಾಲೇಜಿನಲ್ಲಿ ಪಾಠ ಹೇಳಿದ ಅರವಿಂದರು ಮುಂದೆ ಗೀತೆಯ ಬಗ್ಗೆ ಬರೆದ ಪ್ರಬಂಧಗಳಲ್ಲಿ ಪ್ರಕೃತಿಯ ನಿಯತಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟರು. ಅವರ ಪ್ರಕಾರ ನಾವು ಸ್ವತಂತ್ರರೆಂದು ಅಂದುಕೊಳ್ಳುವ ಅಹಂಕಾರವೇ ಪ್ರಕೃತಿಯ ಯಂತ್ರದ ಭಾಗ. ಬಿಡುಗಡೆ ಇದ್ದರೆ ಅದು ಅಹಂಕಾರಕ್ಕೆ ಮೇಲಿನ ನೆಲೆಯಲ್ಲಿ.

ಕನ್ನಡ ಸಾಹಿತ್ಯದಲ್ಲಿ

941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪನಿಗೆ ನಾಯಕ ಅರ್ಜುನ. ಮನಸ್ಸು ಸೋತದ್ದು ಕರ್ಣನಿಗೆ. ಹುಟ್ಟಿನ ಗುಟ್ಟು ತಿಳಿದ ಮೇಲೂ ಕರ್ಣ ಪಕ್ಷ ಬದಲಿಸದಿರುವುದು ಆಯ್ಕೆಯೋ, ದುರ್ಯೋಧನನ ಋಣದ ಕಟ್ಟೋ ಎಂಬ ಪ್ರಶ್ನೆಯನ್ನು ಕನ್ನಡ ಓದುಗ ಅಂದಿನಿಂದ ಕೇಳಿಕೊಳ್ಳುತ್ತಿದ್ದಾನೆ. 12ನೆಯ ಶತಮಾನದ ಶರಣರು ತಿಥಿ-ವಾರ-ನಕ್ಷತ್ರಗಳ ಹಿಡಿತವನ್ನೂ ಹುಟ್ಟಿನ ಹಿಡಿತವನ್ನೂ ಒಟ್ಟಿಗೇ ನಿರಾಕರಿಸಿದರು. ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ದಲ್ಲಿ (1943) ವಿಧಿ ಮತ್ತೆಮತ್ತೆ ಬಂದರೂ ಕೈಕಟ್ಟಿ ಕೂರುವ ಉಪದೇಶ ಇಲ್ಲ.

ಗಿರೀಶ ಕಾರ್ನಾಡರ ‘ಯಯಾತಿ’ (1961) ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿಯುತ್ತದೆ. ತಂದೆ ಯಯಾತಿಯ ಮುಪ್ಪನ್ನು ಮಗ ಪುರು ತಾನಾಗಿ ಹೊರುತ್ತಾನೆ, ಮಹಾತ್ಯಾಗ ಎನ್ನಬೇಕು. ಅವನ ಹೆಂಡತಿ ಚಿತ್ರಲೇಖೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ, ಅವಳು ಸಾಯುತ್ತಾಳೆ. ಒಬ್ಬನ ಸ್ವತಂತ್ರ ನಿರ್ಧಾರ ಇನ್ನೊಬ್ಬರ ಪಾಲಿನ ಹಣೆಬರಹವಾಗುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕೃತಿ ನಮ್ಮಲ್ಲಿ ವಿರಳ.

ಎಸ್. ಎಲ್. ಭೈರಪ್ಪನವರಿಗೂ ವಡೋದರಕ್ಕೂ ನಂಟಿದೆ. ತತ್ತ್ವಶಾಸ್ತ್ರದ ಅಧ್ಯಾಪಕರಾಗಿ ವಲ್ಲಭ ವಿದ್ಯಾನಗರದ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದಲ್ಲಿದ್ದ ಅವರು ಸತ್ಯ-ಸೌಂದರ್ಯಗಳ ಸಂಬಂಧ ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದದ್ದು ಸಯಾಜಿರಾವ್ ವಿಶ್ವವಿದ್ಯಾಲಯದಿಂದ. ಅವರ ‘ಪರ್ವ’ (1979) ಮಹಾಭಾರತದಿಂದ ವರ, ಶಾಪ, ಆಕಾಶವಾಣಿಗಳನ್ನು ಕಿತ್ತುಹಾಕುತ್ತದೆ. ದೈವ ಹೋದ ಜಾಗಕ್ಕೆ ಸ್ವಾತಂತ್ರ್ಯ ಬಂದಿತೇ ಎಂದು ನೋಡಿದರೆ, ಇಲ್ಲ. ಕುಲದ ಕಟ್ಟಳೆ, ನಿಯೋಗದ ಪದ್ಧತಿ, ಮುಪ್ಪು, ಹೊಟ್ಟೆಕಿಚ್ಚು ಬಂದು ಕುಳಿತವು. ದೇವರನ್ನು ತೆಗೆದರೆ ಮನುಷ್ಯ ಬಿಡುಗಡೆಯಾಗುತ್ತಾನೆಂದು ನಂಬಿದ ಆಧುನಿಕರಿಗೆ ಈ ಕಾದಂಬರಿ ಒಂದು ಎಚ್ಚರಿಕೆ.

ಪ್ರಯೋಗಶಾಲೆಯಲ್ಲಿ

ಐರೋಪ್ಯ ಚರ್ಚೆಯ ವಿವರಕ್ಕೆ ಇಲ್ಲಿ ಜಾಗವಿಲ್ಲ. ವಿಶ್ವದ ಎಲ್ಲ ಕಣಗಳ ಸ್ಥಿತಿ ತಿಳಿದ ಬುದ್ಧಿಯೊಂದಿದ್ದರೆ ಅದಕ್ಕೆ ಭವಿಷ್ಯವೂ ವರ್ತಮಾನದಷ್ಟೇ ಸ್ಪಷ್ಟ ಎಂದು 1814ರಲ್ಲಿ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಬರೆದ. ಕ್ವಾಂಟಂ ಭೌತಶಾಸ್ತ್ರ ಆ ಖಚಿತತೆಯನ್ನು ಕೆಡಿಸಿತು. ಆದರೆ ಆಕಸ್ಮಿಕ ಎಂದರೆ ಸ್ವತಂತ್ರ ಎಂದಾಗುವುದಿಲ್ಲ. 1962ರಲ್ಲಿ ಇಂಗ್ಲಿಷ್ ತತ್ತ್ವಜ್ಞ ಪೀಟರ್ ಸ್ಟ್ರಾಸನ್ ಕೊಟ್ಟ ಉತ್ತರ ಈಗಲೂ ಬಲವಾದದ್ದು: ಕೋಪ, ಕೃತಜ್ಞತೆ, ಕ್ಷಮೆಗಳ ಮೂಲಕ ಒಬ್ಬರನ್ನೊಬ್ಬರು ಹೊಣೆ ಮಾಡುವುದು ಮನುಷ್ಯ ಸಂಬಂಧದ ತಳಪಾಯ, ಯಾವ ಸಿದ್ಧಾಂತದ ಅನುಮತಿಗೂ ಅದು ಕಾಯುವುದಿಲ್ಲ.

ಜನ ಹೆಚ್ಚು ಮಾತಾಡುವುದು ನರವಿಜ್ಞಾನಿ ಬೆಂಜಮಿನ್ ಲಿಬೆಟ್‌ನ 1983ರ ಪ್ರಯೋಗದ ಬಗ್ಗೆ. ಮನಸ್ಸು ಬಂದಾಗ ಕೈ ಆಡಿಸಿ ಎಂದು ಕೂರಿಸಿದವರಲ್ಲಿ, ಚಲನೆಗೆ ಸುಮಾರು 550 ಮಿಲಿಸೆಕೆಂಡ್ ಮುಂಚೆ ಮಿದುಳಿನ ವಿದ್ಯುತ್ ಸಂಕೇತ ಏಳತೊಡಗಿತು. ‘ಆಡಿಸಬೇಕು’ ಎಂಬ ಅರಿವು ಬಂದದ್ದು ಸುಮಾರು 200 ಮಿಲಿಸೆಕೆಂಡ್ ಮುಂಚೆಯಷ್ಟೇ. 2008ರಲ್ಲಿ ಜರ್ಮನಿಯ ಸಂಶೋಧಕರು ಎರಡು ಗುಂಡಿಗಳಲ್ಲಿ ಯಾವುದನ್ನು ಒತ್ತುವರೆಂದು ಹಲವು ಸೆಕೆಂಡು ಮೊದಲೇ ಊಹಿಸಿದರು. ಊಹೆ ಸರಿಯಾದದ್ದು ಶೇ. 60ರಷ್ಟು. ಇದನ್ನು ಸ್ವಾತಂತ್ರ್ಯದ ಮರಣವಾರ್ತೆಯೆಂದು ಪತ್ರಿಕೆಗಳು ಸಾರಿದವು. ಅದು ಅತಿಯಾಯಿತು. ಲಿಬೆಟ್ ಕಂಡ ಸಂಕೇತ ಮಿದುಳಿನ ಸಾಧಾರಣ ಏರಿಳಿತದ ಮೊತ್ತವಿರಬಹುದೆಂದು 2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರು ವಾದಿಸಿದರು. ಅದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ಕಾರಣವೇ ಇಲ್ಲದೆ ಬೆರಳಾಡಿಸುವುದಕ್ಕೂ, ಮಗಳಿಗೆ ಒಪ್ಪಿಗೆಯಿಲ್ಲದ ಮದುವೆ ಮುರಿಯುವುದಕ್ಕೂ ಸಂಬಂಧವೇನು? ತಿಂಗಳುಗಟ್ಟಲೆ ತೂಗಿ ಮಾಡುವ ನಿರ್ಧಾರ ಮಿಲಿಸೆಕೆಂಡುಗಳಲ್ಲಿ ಸಿಗುವುದಿಲ್ಲ.

ಕಾನೂನಿನಲ್ಲಿ

ನ್ಯಾಯಾಲಯ ತತ್ತ್ವಜ್ಞರ ತೀರ್ಮಾನಕ್ಕೆ ಕಾಯುವಂತಿಲ್ಲ. 1872ರ ಕರಾರು ಕಾಯಿದೆ ಒತ್ತಾಯ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ, ತಪ್ಪು ತಿಳಿವಳಿಕೆ ಇಲ್ಲದ ಸಮ್ಮತಿಯನ್ನು ಸ್ವತಂತ್ರ ಎನ್ನುತ್ತದೆ. ಪ್ರಭಾವವೇ ಇರಬಾರದೆಂದಲ್ಲ, ಒಬ್ಬರ ಇಚ್ಛೆಯ ಮೇಲೆ ಇನ್ನೊಬ್ಬರು ಸವಾರಿ ಮಾಡಬಾರದು. ಇಷ್ಟು ಹದವಾದ ನಿಲುವು ದರ್ಶನಗ್ರಂಥಗಳಲ್ಲೂ ಅಪರೂಪ.

ಬೆಂಗಳೂರು ಮತ್ತು ಗಾಂಧಿನಗರದ ವಿಧಿವಿಜ್ಞಾನ ಪ್ರಯೋಗಾಲಯಗಳು ಒಂದು ಕಾಲಕ್ಕೆ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಗಿದ್ದವು. 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು, ಸುಳ್ಳುಪತ್ತೆ, ಮಿದುಳು ಪರೀಕ್ಷೆಗಳಿಗೆ ಒಳಪಡಿಸಬಾರದೆಂದಿತು. ಮಾತಾಡುವುದೋ ಸುಮ್ಮನಿರುವುದೋ ಎಂಬ ಆಯ್ಕೆಯನ್ನು ಔಷಧ ಕೊಟ್ಟು ಕಿತ್ತುಕೊಳ್ಳುವಂತಿಲ್ಲ. ಕೇರಳದ ಹಾದಿಯಾ ಪ್ರಕರಣದಲ್ಲಿ ಹೈಕೋರ್ಟ್ ಮತಾಂತರವಾಗಿದ್ದ ವಯಸ್ಕ ಹೆಣ್ಣಿನ ಮದುವೆಯನ್ನು ರದ್ದು ಮಾಡಿದ್ದನ್ನು 2018ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಗುಜರಾತಿನ 2003ರ ಮತಾಂತರ ಕಾಯಿದೆಯ 2021ರ ತಿದ್ದುಪಡಿಯ ಕೆಲವು ಕಲಮುಗಳಿಗೆ ಅಲ್ಲಿನ ಹೈಕೋರ್ಟ್ ಅದೇ ವರ್ಷ ತಡೆ ಕೊಟ್ಟದ್ದೂ, ಕರ್ನಾಟಕದ 2022ರ ಇಂಥದೇ ಕಾಯಿದೆಯ ಸುತ್ತ ಎದ್ದ ವಿವಾದವೂ ಒಂದೇ ಗಂಟಿನ ಎಳೆಗಳು: ಆಮಿಷ ಯಾವುದು, ಮನವೊಲಿಕೆ ಯಾವುದು, ಅದನ್ನು ಹೇಳುವವರು ಯಾರು. ಸ್ವಂತ ಬುದ್ಧಿಯಿಂದ ಮಾಡಿದೆ ಎನ್ನುವ ವಯಸ್ಕರ ಮಾತನ್ನು ನಂಬದಿರುವ ಅಧಿಕಾರ ಸರ್ಕಾರಕ್ಕೆ ಸುಲಭವಾಗಿ ಸಿಗಬಾರದು.

ಇನ್ನು ಜೈನರ ಸಲ್ಲೇಖನ ವ್ರತ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು ಕ್ರಿ.ಶ. 600ರಿಂದ ಮುಂದೆ ಕೊರೆಸಿದ ನಿಸಿಧಿ ಶಾಸನಗಳು ಅನ್ನ ಬಿಟ್ಟು ದೇಹ ತೊರೆದವರನ್ನು ನೆನೆಯುತ್ತವೆ. ಜೈನರಿಗೆ ಅದು ಅತ್ಯಂತ ಸ್ವತಂತ್ರವಾದ ಸಂಕಲ್ಪ, ರಾಗದ್ವೇಷಗಳ ಒತ್ತಡ ಕಳೆದ ಮೇಲೆ ಮಾತ್ರ ಕೈಗೊಳ್ಳಬೇಕಾದ ವ್ರತ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಗೆ ಸಮ ಎಂದಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ತಡೆ ನೀಡಿತು. ಆತ್ಮಹತ್ಯೆಯ ವಿಷಯದಲ್ಲಿ ಕಾನೂನು ಎದುರು ದಿಕ್ಕಿನಿಂದ, ಸಂಕಲ್ಪ ಸ್ವತಂತ್ರವಲ್ಲ ಎಂಬ ನೆಲೆಯಿಂದ, ಬದಲಾಯಿತು. ಬೇರೆ ಸಾಬೀತಾಗದ ಹೊರತು ಅದಕ್ಕೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಕಲಂ ಹೇಳುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಸರ್ಕಾರಿ ನೌಕರರನ್ನು ಮಣಿಸಲು ಮಾಡುವ ಯತ್ನವೊಂದನ್ನು ಬಿಟ್ಟರೆ, ಆತ್ಮಹತ್ಯೆಗೆ ಯತ್ನಿಸುವುದು ಅಪರಾಧವಲ್ಲ.